ಸಾಸಿವೆ ಜೇಡದ ಜಾತಿ

ಹೊಳೆದಂಡೆಯ ಮಠದಲ್ಲಿ ಅಡಿವೆಪ್ಪನಿಗೆ ಮರುದಿನ ದೀಕ್ಷೆ. ಅದಕ್ಕಾಗಿ ಏಳು ವರ್ಷ ಕಾದಿದ್ದ.

ದೀಕ್ಷೆಯ ಹಿಂದಿನ ಬೆಳಿಗ್ಗೆ ದಾರಿಹೋಕನೊಬ್ಬ ಬಾಗಿಲಿಗೆ ಬಂದು, ಹಸಿವು, ಒಂದು ರೊಟ್ಟಿ ಕೊಡಿ ಎಂದ. ಯಾವ ಪಂಕ್ತಿಯಲ್ಲಿ ಕೂರಿಸಬೇಕೋ ತಿಳಿಯದೆ ಅಡಿವೆಪ್ಪ, "ಯಾವ ಜಾತಿ ರೀ ನಿಮ್ಮದು?" ಎಂದು ಕೇಳಿದ. ಆತ ತಿರುಗಿ ದೋಣಿಕಟ್ಟೆಯ ಕಡೆ ನಡೆದುಬಿಟ್ಟ. ದೋಣಿ ಬಿಡುವುದು ಸಂಜೆಗೆ.

ಒಳಗಿದ್ದ ಮಠದ ಗುರು ಅಜ್ಜಾರಿಗೆ ಮಾತು ಕೇಳಿಸಿತು. ಬೈಯಲಿಲ್ಲ. ಬೈದಿದ್ದರೆ ಅಡಿವೆಪ್ಪ ಬದುಕಿಕೊಳ್ಳುತ್ತಿದ್ದ.

"ಅಂಗಳದ ಹುಲ್ಲಿನ್ಯಾಗ ಸಾಸಿವಿಕಾಳಿನಷ್ಟು ಜ್ಯಾಡ ಅದಾವು. ಎಷ್ಟು ಜಾತಿ ಅದಾವ, ನೋಡ್ಕೊಂಡು ಬಾ. ಹೇಳಿದ್ರ ನಾಳೆ ದೀಕ್ಷಾ."

ನೋಡಲೆಂದು ಕಣ್ಣಿಗೆ ಹಾಕಿದ್ದ ತಮ್ಮ ಚಾಳೀಸು ಕನ್ನಡಕವನ್ನೂ ತೆಗೆದು ಕೊಟ್ಟರು.

ಅಡಿವೆಪ್ಪ ಬೋರಲು ಬಿದ್ದು ನೋಡಿದ. ಎದ್ದು ಓಡಿ ಬಂದ.

"ಎರಡು ಜಾತಿ ರೀ ಅಜ್ಜಾರ. ಒಂದರ ತಲಿ ಮ್ಯಾಲೆ ಪಟಗಾ ಸುತ್ತಿದಂಗ ಉಬ್ಬು ಐತಿ. ಇನ್ನೊಂದು ಬೋಳು ತಲಿ. ಪಟಗದ್ದು ಮ್ಯಾಲಿನ ಜಾತಿ ಇರಬೇಕ್ರಿ."

"ಅದು ಗಂಡ, ಇದು ಹೆಂಡತಿ. ಹೋಗು."

ಮಧ್ಯಾಹ್ನ ಮತ್ತೆ ಬಂದ. "ಕರಿದೊಂದು, ಬಿಳಿಚಿದ್ದೊಂದು. ಈ ಸಲ ಖರೇನ ಎರಡು ರೀ."

"ಬಿಳಿಚಿದ್ದು ಈಗಷ್ಟ ಪೊರಿ ಬಿಟ್ಟೈತಿ. ತಡಿ, ಅದೂ ಕರ್ರಗಾಗತೈತಿ."

ಮೂರನೆಯ ಸಲ ಬಂದವನ ಮೂಗಿನ ತುದಿಯಲ್ಲಿ ಮಣ್ಣಿತ್ತು. "ಬಲಿ ಕಟ್ಕೊಂಡು ಕುಂತದ್ದು ಒಂದು, ನೂಲು ಬಿಟ್ಟು ಗಾಳ್ಯಾಗ ಹಾರೂದು ಒಂದು. ಮನಿ ಇದ್ದವ್ರು, ಮನಿ ಇಲ್ಲದವ್ರು. ಆತಲ್ರಿ?"

"ಕುಂತದ್ದನ್ನ ಇನ್ನೊಂದು ಗಳಿಗಿ ನೋಡು."

ನೋಡಿದ. ಕುಳಿತಿದ್ದ ಜೇಡ ಬಲೆ ಬಿಟ್ಟು ಹುಲ್ಲಿನ ತುದಿಗೆ ಹತ್ತಿತು, ನೂಲು ಬಿಟ್ಟಿತು, ಹೊಳೆಯ ಮೇಲೆ ಹಾರಿಹೋಯಿತು.

ಅಡಿವೆಪ್ಪ ಎದ್ದು ಮತ್ತೆ ಅಜ್ಜಾರ ಬಳಿ ಬಂದ. ಏಳು ವರ್ಷದ ಸೇವೆ ನೀರಲ್ಲಿ ಹೋಮ ಆಯಿತೆಂದು ಅಳುವೇ ಬಂತು.

"ನನಗ ಒಂದೂ ತಿಳೀವಲ್ದು ಅಜ್ಜಾರ. ಯಾವುದು ಯಾವ ಜಾತಿ, ಗೊತ್ತಿಲ್ರಿ. ನಿಮಗರೆ ಗೊತ್ತೈತೇನು?"

"ನನಗೂ ಗೊತ್ತಿಲ್ಲೋ."

"ಹಂಗಾರ ನನ್ನ ದೀಕ್ಷಾ?"

ಅಜ್ಜಾರು ಎದ್ದು ಅಡುಗೆಮನೆಗೆ ಹೋದರು. ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಬಟ್ಟೆಯಲ್ಲಿ ಕಟ್ಟಿ ತಂದು ಅವನ ಕೈಗಿಟ್ಟರು.

"ಗೊತ್ತಿಲ್ಲ ಅಂದ್ಯಲ್ಲ, ಈಗ ನಿನಗ ರೊಟ್ಟಿ ನೀಡಾಕ ಬರತೈತಿ. ಓಡು, ದೋಣಿ ಬಿಟ್ಟೀತು."