ಮಂಗಟ್ಟೆಯ ಪಾಲಿನ ಹಣ್ಣು

ಮಕ್ಕಳೇ, ಮಂಗಟ್ಟೆ ಹಕ್ಕಿಯ ಪದ್ಧತಿ ಗೊತ್ತೆ? ಮೊಟ್ಟೆಯಿಡುವ ಕಾಲಕ್ಕೆ ತಾಯಿ ಮರದ ಪೊಟರೆ ಸೇರಿ, ಅದರ ಬಾಯನ್ನು ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಇರುತ್ತದೆ. ಗಂಡು ತಂದುಕೊಟ್ಟ ಹಣ್ಣೇ ಊಟ.

ಒಂದು ಕಾಡಿನಲ್ಲಿ ದೇವೀರಿ ಎಂಬ ಮಂಗಟ್ಟೆ ಹೀಗೆ ಕೂತಿದ್ದಾಗ ಅವಳ ಗಂಡನನ್ನು ಬೇಟೆಗಾರ ಹೊಡೆದುಬಿಟ್ಟ. ನೆರೆಹೊರೆಯ ಪ್ರಾಣಿಗಳು ಸೇರಿ, ಇಂಥ ತಾಯಂದಿರಿಗೆ ಹಣ್ಣು ಕೊಡಲು ಒಂದು ಕೂಟ ಕಟ್ಟಿದವು. ಮುಸುವ ಕೋತಿ ತಿಪ್ಪಣ್ಣ ಅದರ ಮುಖ್ಯಸ್ಥ.

ಸುಳ್ಳು ಹೇಳಬಾರದು, ಮೊದಮೊದಲು ಅವನೇ ಮರ ಹತ್ತಿ ದೇವೀರಿಗೆ ಹಣ್ಣು ಕೊಡುತ್ತಿದ್ದ. ಅದನ್ನು ಕಣ್ಣಾರೆ ಕಂಡ ಜಿಂಕೆ, ಕಾಡೆಮ್ಮೆ, ಕರಡಿ ತಾವೂ ಹಣ್ಣು ತಂದು ಸುರಿದವು. ಕೂಟ ಬೆಳೆಯಿತು.

ಬೆಳೆದದ್ದೇ ತಡ, ತಿಪ್ಪಣ್ಣನ ತಲೆ ತಿರುಗಿತು. ಪಕ್ಕದ ಕಾಡಿಗೂ ಕೂಟವನ್ನು ಹಬ್ಬಿಸಬೇಕು ಎಂದ. ಅದಕ್ಕೊಂದು ಸಭೆ, ಸಭೆಗೆ ಬಂದವರಿಗೆ ಹಣ್ಣು. ಕೂಟವನ್ನು ಹೊಗಳಲು ಗಿಳಿಗಳು, ಗಿಳಿಗಳಿಗೂ ಹಣ್ಣು. ಎಲ್ಲರೂ ಚಪ್ಪರಿಸಿ ಉಳಿದದ್ದು ದೇವೀರಿಗೆ, ಅಂದರೆ ಬರೀ ಸಿಪ್ಪೆ. ನಾಚಿಕೆಗೆಟ್ಟವರು. ಅಷ್ಟರಲ್ಲಿ ಮೊಟ್ಟೆಯೊಡೆದು ಬಂದ ಮರಿ ಹಸಿವಿನಿಂದ ಅಳುತ್ತಿತ್ತು. ದೇವೀರಿ ಕರೆದಾಗಲೆಲ್ಲ, ಸಭೆ ಮುಗಿಯಲಿ ಎಂಬ ಉತ್ತರ ಬರುತ್ತಿತ್ತು.

ದೊಡ್ಡ ದಾನ ಸಿಗಲೆಂದು ತಿಪ್ಪಣ್ಣ ಒಮ್ಮೆ ಆನೆಯನ್ನು ಕರೆಸಿದ. ದೇವೀರಿಯ ಮರದ ಕೆಳಗೇ ಸನ್ಮಾನ. ಆನೆಯ ಮುಂದೆ ಅತ್ತಿಹಣ್ಣಿನ ರಾಶಿ. ತಾಯಂದಿರ ಕಷ್ಟ ಹೇಳುತ್ತ ತಿಪ್ಪಣ್ಣ ಕಣ್ಣೊರೆಸಿಕೊಂಡ.

ಮೇಲೆ ಮರಿಯ ಅಳು ನಿಂತೇಹೋಯಿತು. ದೇವೀರಿ ಕೊಕ್ಕಿನಿಂದ ಮಣ್ಣಿನ ಗೋಡೆಯನ್ನು ಕುಟ್ಟತೊಡಗಿದಳು. ಹೆಂಟೆಗಳು ಅತಿಥಿಗಳ ತಲೆಯ ಮೇಲೆ ಬಿದ್ದವು.

"ದೇವೀರಕ್ಕ, ದೊಡ್ಡವರು ಬಂದಿದ್ದಾರೆ. ಈಗ ಹೊರಗೆ ಬರಬೇಡಿ," ಎಂದ ತಿಪ್ಪಣ್ಣ.

ಗೋಡೆ ಒಡೆಯಿತು. ಒಳಗೆ ಕೂತ ಕಾಲದಲ್ಲಿ ರೆಕ್ಕೆಯ ಗರಿ ಉದುರಿ ಹಾರಲಾರದ ದೇವೀರಿ ಪೊಟರೆಯ ಅಂಚಿನಲ್ಲೇ ನಿಂತಳು.

"ನನ್ನ ಹಸಿವು ತೋರಿಸಿ ತಂದ ಹಣ್ಣು ಇದು, ತಿಪ್ಪಣ್ಣ. ನಿನ್ನ ಗಿಳಿಗಳಿಗೆ ಸಿಕ್ಕಿತು. ನನ್ನ ಮರಿಗೆ ಯಾಕೆ ಸಿಗಲಿಲ್ಲ?"

ಆನೆ ಸೊಂಡಿಲೆತ್ತಿ ಒಂದು ಮಾಗಿದ ಹಣ್ಣನ್ನು ಪೊಟರೆಗೆ ಮುಟ್ಟಿಸಿತು. ದೇವೀರಿ ಅದನ್ನು ಹಿಂಡಿ ರಸ ಬಿಟ್ಟಾಗ ಮರಿ ಮೆಲ್ಲನೆ ಕೊಕ್ಕು ತೆರೆಯಿತು.

"ಇನ್ನು ಮೇಲೆ ಇವಳಿಗೆ ನಾನೇ ತಂದುಕೊಡುತ್ತೇನೆ," ಎಂದು ಆನೆ ಹೊರಟಿತು. ಇದನ್ನೆಲ್ಲ ಕಂಡ ಜಿಂಕೆ, ಕಾಡೆಮ್ಮೆ, ಕರಡಿ ಹಣ್ಣು ತರುವುದನ್ನೇ ಬಿಟ್ಟವು. ಕೂಟ ಮುರಿಯಿತು.

ಪಕ್ಕದ ಕಾಡಿನಲ್ಲಿ ಗಂಡನನ್ನು ಕಳೆದುಕೊಂಡ ಇನ್ನೊಬ್ಬ ತಾಯಿ ಸೀಳಿನಿಂದ ಕೊಕ್ಕು ಚಾಚಿ ಕಾಯುತ್ತಿದ್ದಳು. ಕೂಟದ ಹೆಸರೆತ್ತಿದರೆ ಸಾಕು, ಎಲ್ಲರೂ ಮುಖ ತಿರುಗಿಸುತ್ತಿದ್ದರು. ಅವಳಿಗಾಗಿ ಒಂದು ಹಣ್ಣು ಕೊಡುವವರೂ ಇರಲಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ.

ನೀತಿ: ಸೇವೆಯ ಕೂಟ ಬೆಳೆಯುವುದು ನಂಬಿಕೆಯಿಂದ, ಆ ನಂಬಿಕೆಯನ್ನು ತಿಂದುಹಾಕಿದವರು ಮುಂದೆ ಬರುವ ಹಸಿದವರ ಪಾಲನ್ನೂ ತಿಂದಂತೆ.