ಮುಟ್ಟಿತು ಎಂಬ ಉತ್ತರ

ಹೊಳೆದಂಡೆಯ ಆ ಆಶ್ರಮದಲ್ಲಿ ಅಡವಯ್ಯ ಗುರುಗಳು ಜಪತಪಕ್ಕಿಂತ ಹೆಚ್ಚಾಗಿ ಕಲಿಸುತ್ತಿದ್ದದ್ದು ಮೋರ್ಸ್ ಕೋಡು. ಹಿಂದೆ ತಾರ್ ಆಫೀಸಿನಲ್ಲಿ ಇದ್ದವರು ಅವರು.

ಮೇಲಿನ ಅಣೆಕಟ್ಟಿನಿಂದ ಆಶ್ರಮದವರೆಗೆ ಒಂದು ತಂತಿ ಎಳೆಸಿದ್ದರು. ನೀರು ಬಿಡುವ ಮುಂಚೆ ಅಲ್ಲಿಂದ ಮುದುಕ ಇಮಾಮಸಾಬ ಸುದ್ದಿ ಬಡಿಯುತ್ತಿದ್ದ. ಇಲ್ಲಿ ಕೇಳಿಸಿಕೊಂಡವರು ಓಡಿಹೋಗಿ ಹರಿಗೋಲು ತಡೆಯಬೇಕು. ಇಷ್ಟೇ ಕೆಲಸ. ಆದರೆ ಹೊಳೆ ದಾಟುವವರ ಜೀವ ಅದರ ಮೇಲೆ ನಿಂತಿತ್ತು.

ಶಿಷ್ಯ ತಿಪ್ಪೇಶನ ಕೈ ಬಲು ಚುರುಕು. ಚುಕ್ಕಿ, ಗೆರೆ ಎಲ್ಲವೂ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸಿಡಿಯುತ್ತಿದ್ದವು.

"ಗುರುಗಳೇ, ಯಂತ್ರದ ಮುಂದೆ ನನ್ನೊಬ್ಬನನ್ನೇ ಯಾವಾಗ ಕೂರಿಸ್ತೀರಿ?"

"ಕೇಳೋದು ಕಲಿ. ಆಮೇಲೆ ನೋಡೋಣ."

"ಬಡಿಯೋದು ಇಷ್ಟು ಚೆನ್ನಾಗಿ ಬರ್ತದಲ್ಲ!"

"ಬಡಿಯೋದು ಯಾರಿಗಾದರೂ ಬರ್ತದೆ. ಸುದ್ದಿ ಪೂರಾ ಸಿಕ್ಕರೆ ಚುಕ್ಕಿ, ಗೆರೆ, ಚುಕ್ಕಿ ಬಡಿ. ಮುಟ್ಟಿತು ಅಂತ ಅರ್ಥ. ಒಂದಕ್ಷರ ತಪ್ಪಿದರೂ ಇನ್ನೊಮ್ಮೆ ಅಂತ ಕೇಳು. ನಾಚಿಕೆ ಪಡಬೇಡ."

ತಿಪ್ಪೇಶ ತಲೆಯಾಡಿಸಿದ. ತಲೆಯಾಡಿಸೋದಕ್ಕೇನು ಖರ್ಚು?

ಅಭ್ಯಾಸಕ್ಕೆಂದು ಗುರುಗಳು ಪಕ್ಕದಲ್ಲಿದ್ದು ತಂತಿಯಲ್ಲಿ ಬಡಿಸಿದಾಗ, ಅವನ ವೇಗಕ್ಕೆ ಇಮಾಮಸಾಬ ಪದೇ ಪದೇ 'ಇನ್ನೊಮ್ಮೆ' ಅನ್ನುತ್ತಿದ್ದ. ತಿಪ್ಪೇಶ ನಗುತ್ತಿದ್ದ.

"ಆ ಮುದುಕನಿಗೆ ಕಿವಿ ಮಂದ, ಗುರುಗಳೇ. ಮನೆಗೆ ಕಳಿಸಿಬಿಡಬೇಕು."

"ಅವನು ಮನೆಗೆ ಹೋದರೆ ನಮ್ಮ ಗತಿ ಏನೋ?" ಅಂದರು ಗುರುಗಳು.

ಒಂದು ಸಲ ಗುರುಗಳು ಜ್ವರದಿಂದ ಮಲಗಿದರು. ಬೇರೆ ಯಾರೂ ಇರಲಿಲ್ಲ. ಯಂತ್ರ ತಿಪ್ಪೇಶನ ಪಾಲಿಗೆ ಬಂತು.

ಅವನ ಸೋದರಮಾವ ಅವತ್ತೇ ಬರಬೇಕೇ! ತಿಪ್ಪೇಶ ಯಾವ ಕೆಲಸಕ್ಕೂ ಬಾರದವನು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ ಮಾವ. ಬಂದು ಪಕ್ಕದಲ್ಲೇ ಕೂತ.

ಯಂತ್ರ ಬಡಿಯತೊಡಗಿತು. ನೀರು ಬಿಡುತ್ತಾರೆ ಅನ್ನುವುದು ಸಿಕ್ಕಿತು. ಎಷ್ಟು ಹೊತ್ತಿಗೆ ಅನ್ನುವ ಕಡೆ ಮಾವ ಕೆಮ್ಮಿದ. ಅದು ತಪ್ಪಿಹೋಯಿತು.

ತಿಪ್ಪೇಶನ ಬೆರಳು ಕೇಳುವುದಕ್ಕೆಂದು ಎದ್ದಿತು. ಹಾಗೇ ನಿಂತಿತು. ಇಷ್ಟು ದಿನ ನಕ್ಕವನು ಈಗ ಆ ಮುದುಕನನ್ನೇ 'ಇನ್ನೊಮ್ಮೆ' ಅಂತ ಕೇಳುವುದೇ? ಅದೂ ಮಾವನ ಎದುರಿಗೆ? ಪಾಪ, ಮಾವನಿಗೆ ಚುಕ್ಕಿ ಯಾವುದು ಗೆರೆ ಯಾವುದು ಅಂತ ಕೂಡ ಗೊತ್ತಿರಲಿಲ್ಲ.

ಯಾವಾಗಲೂ ಸಂಜೆಗೇ ತಾನೆ ಬಿಡೋದು, ಅಂದುಕೊಂಡ. ಚುಕ್ಕಿ, ಗೆರೆ, ಚುಕ್ಕಿ.

"ಏನಂತೆ ಸುದ್ದಿ?" ಅಂದ ಮಾವ.

"ಸಂಜೆ ನೀರು ಬಿಡ್ತಾರಂತೆ."

"ಭಲೆ! ಇಷ್ಟು ಬೇಗ ತಿಳೀತಾ?"

ಹೊರಗೆ ಅಂಬಿಗ ದುರುಗಪ್ಪ, ಅವನ ಹೆಂಡತಿ ಹುಲಿಗೆಮ್ಮ ಹರಿಗೋಲು ನೀರಿಗಿಳಿಸುತ್ತಿದ್ದರು. "ಹೋಗಬಹುದೇನ್ರೀ?" ಅಂತ ಹುಲಿಗೆಮ್ಮ ಕೂಗಿದಳು.

"ಸಂಜೆಯವರೆಗೆ ಧಾರಾಳವಾಗಿ ಹೋಗವ್ವಾ," ಅಂದ ತಿಪ್ಪೇಶ.

ನೀರು ಬಂದದ್ದು ನಡುಮಧ್ಯಾಹ್ನ. ದುರುಗಪ್ಪ ಈಜಿ ದಡ ಹತ್ತಿದ. ಹುಲಿಗೆಮ್ಮ ಹತ್ತಲಿಲ್ಲ. ಕೆಳಗಿನ ಮಡುವಿನಲ್ಲಿ ಸಿಕ್ಕಳು.

ಗುರುಗಳು ಜ್ವರದಲ್ಲೇ ಎದ್ದು ಬಂದರು. ಹೆಣದ ಪಕ್ಕ ಕೂತ ದುರುಗಪ್ಪನನ್ನು ನೋಡಿದರು. ಅವನು ಅಳುತ್ತಿರಲಿಲ್ಲ. ಹೆಂಡತಿಯ ಕೂದಲಿನಿಂದ ಕಸಕಡ್ಡಿ ತೆಗೆಯುತ್ತಿದ್ದ. ಗುರುಗಳು ಒಳಗೆ ಬಂದು, ಬೆರಳಿನಿಂದ ಬಡಿದು ಪಾಠ ಹೇಳುವ ಮರದ ಹಲಗೆಯ ಮುಂದೆ ಕುಸಿದು ಕೂತರು.

ತಿಪ್ಪೇಶ ಕಾಲಿಗೆ ಬಿದ್ದ. ನಡೆದದ್ದೆಲ್ಲ ಹೇಳಿದ.

"ಬಯ್ಯಿರಿ, ಹೊಡೆಯಿರಿ. ಏನಾದರೂ ಅನ್ನಿ, ಗುರುಗಳೇ!"

ಹಲಗೆಯ ಮೇಲಿದ್ದ ಗುರುಗಳ ಬೆರಳು ಮೆಲ್ಲಗೆ ಬಡಿಯತೊಡಗಿತು. ಟಕ್, ಟಕ್‌ಟಕ್, ಮತ್ತೆ ಟಕ್. ತಿಪ್ಪೇಶ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಒಂದಕ್ಷರವೂ ಹತ್ತಲಿಲ್ಲ. ಹೊರಗೆ ದುರುಗಪ್ಪ ಇದ್ದಾನೆ, ಇಂಥ ಹೊತ್ತಿನಲ್ಲಿ ಗುರುಗಳನ್ನು ಮತ್ತೆ ಕೇಳುವುದು ಹೇಗೆ?

ಬೆರಳು ನಿಂತಿತು. ತಿಪ್ಪೇಶ ಕಣ್ಣೊರೆಸಿಕೊಂಡು ಕೈಮುಗಿದ.

"ಮುಟ್ಟಿತು, ಗುರುಗಳೇ."

ಗುರುಗಳು ತಲೆಯೆತ್ತಿ ಅವನನ್ನು ನೋಡಿದರು.

"ಏನು ಮುಟ್ಟಿತೋ? ನಾನೇನೂ ಹೇಳಲೇ ಇಲ್ಲ. ಕೈ ನಡುಗ್ತಿತ್ತು, ಅಷ್ಟೇ."