ಗಾದಿಯ ಮೇಲೆ ನಿಂತ ಗಡಿಯಾರ

"ನಮ್ಮ ಮುತ್ತಾತ ದೊಡ್ಡ ವಿದ್ವಾಂಸರು, ಗುರುಗಳೇ. ಆ ಹೆಸರೊಂದಿದ್ದರೆ ನನಗೆ ಸಾಲದೇ? ನಾನೂ ಓದಲೇಬೇಕೇ?" ಎಂದು ಶಿಷ್ಯ ಕಂಬಕ್ಕೆ ಒರಗಿಕೊಂಡು ಕೇಳಿದ.

"ಉತ್ತರ ನನಗೆ ಗೊತ್ತಿಲ್ಲಪ್ಪ, ಕತೆ ಗೊತ್ತಿದೆ," ಎಂದು ಗುರುಗಳು ಎಲೆಯಡಿಕೆಯ ಚೀಲ ಹತ್ತಿರಕ್ಕೆಳೆದುಕೊಂಡರು. "ಸುಳ್ಳು ಬಂದ ಕಡೆಯೆಲ್ಲ ನಾನೇ ನಗುತ್ತೇನೆ, ಗುರುತಿಟ್ಟುಕೋ." ಹೀಗೆಂದು ನಗುತ್ತಲೇ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಅಜ್ಜ ಬಟ್ಟೆಯ ಗಂಟನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಮಾರಿದವನು. ಮೊಮ್ಮಗನಿಗೆ ಈಗ ಅಂಗಡಿಯಿತ್ತು, ಗಾದಿಯಿತ್ತು, ಒರಗಲು ಲೋಡಿತ್ತು. ಆ ಗಂಟಿನ ಮಾತನ್ನು ಮಾತ್ರ ಅವನು ಎತ್ತುತ್ತಿರಲಿಲ್ಲ. ಮಗಳಿಗೆ ಒಂದು ಹಳೆಯ ಮನೆತನದ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು. ಹುಡುಗನ ಅಜ್ಜ, ಆ ಮನೆಯ ಯಜಮಾನ, ಒಪ್ಪುವುದೊಂದು ಬಾಕಿ. ಅವನು ನೋಡುವುದು ಮನೆತನ. ವ್ಯಾಪಾರಿಯ ಬಳಿ ಇಲ್ಲದ್ದು ಅದೊಂದೇ.

ವ್ಯಾಪಾರಿ ಪೇಟೆಗೆ ಹೋಗಿ ಒಂದು ಸ್ವಿಸ್ ಕೈಗಡಿಯಾರ ಕೊಂಡ. ತಯಾರಾದದ್ದು ಮೊನ್ನೆ, ನೋಡಲು ಅಜ್ಜಂದಿರ ಕಾಲದ್ದು: ಕೆನೆಬಣ್ಣದ ಮುಖ, ಉಬ್ಬಿದ ಗಾಜು, ತೆಳ್ಳನೆಯ ಮುಳ್ಳು, ಕಂದು ಚರ್ಮದ ಪಟ್ಟಿ. ಬೆಲೆಯೂ ಕೈಗೆಟಕುವಂಥದ್ದು.

"ಇದು ಆಟೋಮ್ಯಾಟಿಕ್. ಕೀಲಿ ಕೊಡುವುದು ಬೇಡ, ಬ್ಯಾಟರಿ ಬೇಡ. ಕೈಯಾಡುತ್ತಿದ್ದರೆ ತಾನೇ ನಡೆಯುತ್ತದೆ," ಎಂದ ಅಂಗಡಿಯವನು. ವ್ಯಾಪಾರಿಯ ಕಿವಿಗೆ ಬಿದ್ದದ್ದು 'ಬೇಡ' ಎಂಬುದಷ್ಟೇ. ಬಸ್ಸಿನಲ್ಲಿ ಗಡಿಯಾರವನ್ನೇ ನೋಡುತ್ತ ಕೂತವನು ತನ್ನ ಊರು ದಾಟಿ ಐದು ಊರು ಮುಂದೆ ಹೋಗಿಬಿಟ್ಟ. ನಂಬಿಕೆ ಬಾರದಿದ್ದರೆ ಎರಡು ಎಂದಿಟ್ಟುಕೋ.

"ನಮ್ಮಜ್ಜನದು. ಅರಮನೆಗೆ ಬಟ್ಟೆ ಒದಗಿಸುತ್ತಿದ್ದಾಗ ಬಂದದ್ದು," ಎಂದು ಊರಿಗೆಲ್ಲ ತೋರಿಸಿದ. ಊರು ಕಣ್ಣರಳಿಸಿತು. ಸಂಜೆಯ ಹೊತ್ತಿಗೆ ಅವನೇ ಅರ್ಧ ನಂಬಿದ್ದ. ಗೀರು ಬಿದ್ದೀತೆಂದು ಆ ಕೈಯನ್ನು ಲೋಡಿನ ಮೇಲೆ ಹಸುಗೂಸಿನಂತೆ ಮಲಗಿಸಿದ. ಯಾವ ಬಟ್ಟೆಯ ಥಾನು ತೆಗೆಯಬೇಕೆಂದು ಆಳುಗಳಿಗೆ ಗದ್ದದಿಂದಲೇ ತೋರಿಸತೊಡಗಿದ.

ಮೂರನೆಯ ದಿನ ಮಧ್ಯಾಹ್ನ ಯಜಮಾನ ಅಂಗಡಿಗೆ ಬಂದ. ಕೂತ. ಅಜ್ಜನ ಗಡಿಯಾರದ ಸುದ್ದಿ ಅವನಿಗೂ ಮುಟ್ಟಿತ್ತು; ಅದನ್ನು ಇಸಿದುಕೊಂಡು ಕಿವಿಗೆ ಹಿಡಿದ.

"ಇದು ನಿಂತಿದೆಯಲ್ಲ, ಸಾಹುಕಾರರೇ."

"ಹಳೆಯದು ನೋಡಿ, ಯಜಮಾನರೇ. ಮಧ್ಯಾಹ್ನ ಒಂದಿಷ್ಟು ಮಲಗುತ್ತದೆ."

"ನಿಮ್ಮಜ್ಜನ ಕೈಯಲ್ಲೂ ಮಲಗುತ್ತಿತ್ತೋ?"

ಅಂಗಡಿಯಿಂದ ಮನೆಗೆ ಹೋಗುವ ಒಳಬಾಗಿಲ ಸಂದಿಯಲ್ಲಿ ವ್ಯಾಪಾರಿಗೆ ಮಗಳ ಸೆರಗು ಕಂಡಿತು. ಪೇಟೆಯವನ ಮಾತಿನ ಉಳಿದರ್ಧ ಆಗ ನೆನಪಾಯಿತು: ಕೈಯಾಡುತ್ತಿದ್ದರೆ. ಗಡಿಯಾರ ಹಿಂದಕ್ಕೆ ಪಡೆದು ಕಟ್ಟಿಕೊಂಡವನೇ ಗಾದಿಯಿಂದ ಕೆಳಕ್ಕೆ ಹಾರಿದ. ಒಂದು ಥಾನು ಎಳೆದ, ಇನ್ನೊಂದು ಎಳೆದ, ಗಾಳಿಗೆಸೆದು ಬಿಚ್ಚಿದ. "ಅಕ್ಕಾ, ಬಣ್ಣ ನೋಡಿ. ತಂಗೀ, ಇದು ನಿನಗೆಂದೇ ನೇಯ್ದದ್ದು." ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರು ಒಳಗೆ ನುಗ್ಗಿದರು. ಸಾಹುಕಾರನಿಗೆ ದೆವ್ವ ಹಿಡಿಯಿತೆಂದು ಆಳುಗಳು ಗೋಡೆಗೆ ಸರಿದರು. ಗಜಕೋಲು ಹುಡುಕಲು ಪುರುಸೊತ್ತಿಲ್ಲ. ಅವನು ಬಟ್ಟೆಯ ತುದಿಯನ್ನು ಮೂಗಿಗೆ ಹಿಡಿದು, ಇನ್ನೊಂದು ಕೈ ನೀಳವಾಗಿ ಚಾಚಿ ಅಳೆದ. ಕೊನೆಗೊಂದು ಗೇಣು ಹೆಚ್ಚೇ ಬಿಟ್ಟು ಚರ್ರನೆ ಹರಿದ. ಹೀಗೆ ಅಳೆಯಲು ಯಾರು ಕಲಿಸಿದರೆಂದು ಅವನಿಗೇ ಹೊಳೆಯಲಿಲ್ಲ. ಮುಳ್ಳು ಓಡತೊಡಗಿದ್ದನ್ನೂ ಅವನು ನೋಡಲಿಲ್ಲ.

ಯಜಮಾನ ಎದ್ದು ನಿಂತಿದ್ದ.

"ನಾನು ಚಿಕ್ಕವನಿದ್ದಾಗ ನಮ್ಮ ಜಗಲಿಗೆ ಗಂಟು ಹೊತ್ತು ಒಬ್ಬ ಬರುತ್ತಿದ್ದ. ಹೀಗೇ ಮೂಗಿಗೆ ಹಿಡಿದು ಅಳೆಯುತ್ತಿದ್ದ, ಗೇಣು ಹೆಚ್ಚಿಗೆ ಕೊಡುತ್ತಿದ್ದ. ನಮ್ಮವ್ವ ಬೇರೆ ಯಾರ ಹತ್ತಿರವೂ ಬಟ್ಟೆ ಕೊಳ್ಳುತ್ತಿರಲಿಲ್ಲ. ಅವನು ನಿಮಗೇನಾಗಬೇಕು?"

ಹೌದೆಂದರೆ ಅರಮನೆ ಬಿದ್ದುಹೋಗುತ್ತದೆ, ಜೊತೆಗೆ ಸಂಬಂಧವೂ ಹೋಗಬಹುದು. ಅಲ್ಲವೆಂದರೆ ಅಜ್ಜ ಹೋಗುತ್ತಾನೆ. ವ್ಯಾಪಾರಿ ಕೈ ನೋಡಿಕೊಂಡ. ಗಡಿಯಾರ ನಡೆಯುತ್ತಿತ್ತು.

"ನಮ್ಮಜ್ಜ," ಎಂದ.

"ಅವನ ಕೈಯಲ್ಲಿ ಗಡಿಯಾರ ಕಂಡ ನೆನಪಿಲ್ಲ ನನಗೆ."

"ಇರಲಿಲ್ಲ, ಯಜಮಾನರೇ. ಇದ್ದಿದ್ದರೆ ಅದು ನಿಲ್ಲುತ್ತಿರಲಿಲ್ಲ."

ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ, "ತಾಂಬೂಲದ ತಟ್ಟೆ ತರಿಸಿ, ಬೀಗರೇ," ಎಂದ. ಒಳಬಾಗಿಲ ಸಂದಿಯಲ್ಲಿ ಸೆರಗು ಮಾಯವಾಯಿತು, ಬಳೆಗಳ ಸದ್ದು ಅಡುಗೆಮನೆಯ ಕಡೆಗೆ ಓಡಿತು.

ಶಿಷ್ಯನಿಗೆ ಕತೆ ಬಹಳ ಹಿಡಿಸಿತು. "ಆಮೇಲೆ ಆ ಗಡಿಯಾರ ಎಂದೂ ನಿಲ್ಲಲೇ ಇಲ್ಲವೇ, ಗುರುಗಳೇ?" ಎಂದು ಕಂಬಕ್ಕೆ ಒರಗಿಕೊಂಡೇ ಕೇಳಿದ.

ಕತೆಯುದ್ದಕ್ಕೂ ನಗುತ್ತಿದ್ದ ಗುರುಗಳು ಈಗ ನಗಲಿಲ್ಲ.

"ಅದಿರಲಿ, ನಿನ್ನ ಕೈಯಲ್ಲಿ ಮುತ್ತಾತ ಈಗ ನಡೆಯುತ್ತಿದ್ದಾರೋ, ನಿಂತಿದ್ದಾರೋ?"